ಸೋರೆಬುರುಡೆಯ ನೀರು

ಸ್ಯಾನ್ ಮಟಿಯೋ, 14 ಮಾರ್ಚ್ 2000, ರಾತ್ರಿ

ಅಬೆನಾ, ಚೆನ್ನಾಗಿದ್ದೀಯಾ ತಾಯಿ? ನಿನ್ನ ಮಗಳು ಅಫಿಯಾಳ ಕೆಮ್ಮು ಇಳಿಯಿತೇ?

ಘಾನಾದಿಂದ ಅಮೆರಿಕದ ಮಗಳ ಮನೆಗೆ ಬಂದು ವಾರವಾಯಿತು. ಮನಸ್ಸು ಇನ್ನೂ ನಿಮ್ಮ ಟೆಚಿಮಾನ್ ಸಂತೆಯಲ್ಲೇ ಇದೆ. ಡಾಕ್ಟರಾಗಿರುವ ನನ್ನ ಮಗಳು ಊರ್ಮಿಳೆಯ ವೈದ್ಯಕೀಯ ಶಿಬಿರಕ್ಕೆ ಜೊತೆಗೆ ಬಂದವಳು ನಾನು. ಬಿಸಿಲಿಗೆ ತಲೆ ತಿರುಗಿ ನೀನು ಮಾರುತ್ತಿದ್ದ ಗೆಡ್ಡೆಗಳ ರಾಶಿಯ ಪಕ್ಕ ಕುಸಿದೆ. ನೀನು ಕೂತಿದ್ದ ಮಣೆಯನ್ನೇ ಬಿಟ್ಟುಕೊಟ್ಟು ಸೋರೆಬುರುಡೆಯಲ್ಲಿ ನೀರು ಕೊಟ್ಟೆ. ನಾನು ಹಾಸನದ ಅಭ್ಯಾಸದಂತೆ ತುಟಿ ಸೋಕಿಸದೆ ಎತ್ತಿ ಸುರಿದುಕೊಂಡೆ. ಅರ್ಧ ನೀರು ರವಿಕೆಗೆ. ನಿನ್ನ ಮುಖ ಸಣ್ಣದಾಯಿತು.

"ಅಮ್ಮಾ, ಅವ್ರ ಪಾತ್ರೆ ಗಲೀಜು ಅಂತ ಹೀಗ್ ಕುಡಿತಿದೀಯ ಅಂದ್ಕೊಂಡಿದಾರೆ," ಎಂದಳು ಊರ್ಮಿಳೆ.

"ಅಯ್ಯೋ, ನನ್ನ ಎಂಜಲು ಅವ್ರಿಗೆ ತಗಲಬಾರದು ಅಂತ ಕಣೇ!"

ಅವಳು ಅದನ್ನು ನಿನಗೆ ತಿಳಿಸುವ ಮೊದಲೇ ನಾನು ಬುರುಡೆಗೆ ತುಟಿಯಿಟ್ಟು ಕುಡಿದೆ. ನೀನು ಗಟ್ಟಿಯಾಗಿ ನಕ್ಕು, ಉಳಿದ ನೀರನ್ನು ಅದೇ ಅಂಚಿನಿಂದ ಕುಡಿದುಬಿಟ್ಟೆ. ಅಷ್ಟು ದೂರದ ಊರಿನಲ್ಲಿ ನನಗೊಬ್ಬಳು ತಂಗಿ ಸಿಕ್ಕಿದಳು.

ಅಳಿಯ ಇನ್ನೂ ರೆಡ್‌ವುಡ್ ಸಿಟಿಯ ಆಫೀಸಿನಲ್ಲೇ ಇದ್ದಾನೆ. ಯಾವುದೋ ವೆಬ್‌ಸೈಟು ನಾಳೆ ಶುರುವಾಗಬೇಕಂತೆ. ಇವತ್ತೂ ಸುರಿದುಕೊಳ್ಳಲು ನೀರಿನ ಲೋಟವನ್ನು ಮೇಲೆತ್ತಿದವಳು, ನಿನ್ನ ನೆನಪಾಗಿ ತುಟಿಗಿಟ್ಟುಕೊಂಡೆ.

ಹೀಗೆ ದಿನಚರಿಯಲ್ಲಿ ಕನ್ನಡದಲ್ಲಿ ಬರೆದದ್ದು ನಿನಗೆಲ್ಲಿ ತಲುಪೀತು? ನಾಳೆ ಊರ್ಮಿಳೆಯಿಂದ ಇಂಗ್ಲಿಷಿನಲ್ಲಿ ನಿನಗೆ ಕಾಗದ ಬರೆಸುತ್ತೇನೆ. ಯಾರ ಕೈಯಲ್ಲಾದರೂ ಬೇಗ ಉತ್ತರ ಬರೆಸು ತಾಯಿ, ಅಫಿಯಾಳ ಕೆಮ್ಮು ಹೇಗಿದೆ ಅಂತ ಒಂದೇ ಒಂದು ಸಾಲು ಬಂದರೂ ಸಾಕು.