ಏಳು ಗಂಟೆಯ ಮೇಜು

ಅಮ್ಮನಿಗೆ ನಮಸ್ಕಾರಗಳು.

ಹಡಗಿನಲ್ಲಿ ಊಟಕ್ಕೆ ದಿನವೂ ಒಂದೇ ಹೊತ್ತು, ಒಂದೇ ಮೇಜು ಗೊತ್ತುಮಾಡಿಕೋ ಎಂದು ನೀನು ಹೇಳಿದ್ದೆ. ನಿಯಮಾವಳಿಯನ್ನು ಎರಡು ಸಲ ಓದಿ, ‘ಬೇಕೆಂದಾಗ ಊಟ’ ಎಂಬುದನ್ನು ಆರಿಸಿದವಳು ನಾನು. ಬೇಕೆಂದಾಗ ಎಂದರೆ ಎಲ್ಲರಿಗೂ ಏಳಕ್ಕೇ ಬೇಕು ಎಂಬುದು ಅದರಲ್ಲಿ ಬರೆದಿರಲಿಲ್ಲ. ಮುಂಚಿತವಾಗಿ ಕಾದಿರಿಸುವ ಮೇಜುಗಳು ಬೆಳಗ್ಗೆ ಎಂಟಕ್ಕೇ ಮುಗಿದಿರುತ್ತವೆ. ಮಾತ್ರೆ ನುಂಗಿ ಏಳಕ್ಕೆ ಉಣ್ಣದಿದ್ದರೆ ಅಜ್ಜಿಗೆ ಶುಗರ್ ಇಳಿದು ಕೈ ನಡುಗುತ್ತದೆ. ಕಳೆದ ಎರಡು ಸಂಜೆಯೂ ನಮ್ಮಿಬ್ಬರ ಸರದಿ ಬಂದದ್ದು ಎಂಟೂವರೆಗೆ.

ಇಂದು ಇಬ್ಬರಿಗೇ ಪ್ರತ್ಯೇಕ ಮೇಜು ಬೇಕೆಂದು ನಾನು ಊಟದ ಮನೆಯ ಮೇಲ್ವಿಚಾರಕನೊಡನೆ ವಾದಿಸುತ್ತಿದ್ದಾಗ ಅಜ್ಜಿ ಮುಂದೆ ಬಂದು, “ಯಾರ ಪಕ್ಕ ಆದ್ರೂ ಕೂತ್ಕೋತೀನಪ್ಪ, ಮೊದ್ಲು ಊಟ ಹಾಕ್ಸು” ಎಂದರು.

“ಮೊನ್ನೆನೇ ಹೇಳೋದಲ್ವಾ ಅಜ್ಜಿ? ಆರು ಜನರ ಮೇಜಲ್ಲಿ ದಿನಾ ಒಂದು ಕುರ್ಚಿ ಖಾಲಿ.”

“ಮತ್ತೆ ಇವಳು?”

“ಅವರಿಗೆ ಬೇರೆ ಮೇಜೇ ಆಗ್ಬೇಕಂತೆ, ಬನ್ನಿ.”

ಅಜ್ಜಿಯ ಆರೋಗ್ಯ ಚೆನ್ನಾಗಿದೆ. ಎರಡನೆಯ ಸಲ ಅನ್ನ ಬಡಿಸಿಕೊಳ್ಳುತ್ತಿರುವುದು ಇಲ್ಲಿಂದಲೇ ಕಾಣುತ್ತಿದೆ. ನನ್ನ ಮುಂದೆ ಸಾಲಿನಲ್ಲಿ ಇನ್ನೂ ಹನ್ನೊಂದು ಮಂದಿ ಇದ್ದಾರೆ. ಈ ಕಾರ್ಡನ್ನು ಅಪ್ಪನಿಗೆ ಓದಿ ಹೇಳಬೇಡ.

ಹಸಿದಿರುವ ನಿನ್ನ ಮಗಳು