ಮುಚ್ಚಿಹೋದ ಮೂರು ಮೆಟ್ಟಿಲು

ಏಪ್ರಿಲ್ 7, ಸೋಮವಾರ

…ನೀರು ಏರತೈತೇನ್ರಿ, ಅಂದ. ಅದಕ್ಕೂ ಮೊದಲು ಏನೋ ಹೇಳಿದ್ದ. ಬಣ್ಣದ ಮಾತು. ನಾನು ಗೋಡೆಯ ಮೇಲಿನ ಮಟ್ಟದ ಅಂಕಿ ಓದುತ್ತಿದ್ದೆ, ಕಿವಿಗೆ ಅರ್ಧವೇ ಬಿತ್ತು. ಕಾವಲಿನ ಹುಲಗಪ್ಪ ಯಾವಾಗಲೂ ಹೀಗೆ — ಮಾತನ್ನು ನೀರಿನ ಕಡೆ ಮುಖ ಮಾಡಿ ಆಡುತ್ತಾನೆ.

ಕೆರೆಯ ಮಟ್ಟ 3.4 ಮೀಟರ್. ಕಾಲುವೆ ನಿಂತ ಮೇಲೂ ಇಷ್ಟಿದೆಯಲ್ಲ ಎಂದು ಸಮಾಧಾನ. ದಕ್ಷಿಣದ ಅರ್ಧ ಪೂರ್ತಿ ಹಸಿರು. ಪಾಚಿ ನಾರುತ್ತಿದೆ. ವಾಕಿಂಗಿಗೆ ಬರುವವರು ಮೂಗು ಮುಚ್ಚಿಕೊಂಡು ನಡೆಯುತ್ತಾರೆ. ಶನಿವಾರ ಹನುಮ ಜಯಂತಿ. ಅಂಜನಾದ್ರಿಗೆ ಬಂದವರು ಹರಿಗೋಲು ಹತ್ತಲು ಇಲ್ಲಿಗೂ ಬರುತ್ತಾರೆ. ಮ್ಯಾನೇಜರ್ ಸುಭಾಷ್ ಅವರಿಂದ ಎರಡು ಸಲ ಫೋನ್.

ಮಟ್ಟ ನೋಡಿ ಲೆಕ್ಕ ಹಾಕಿದೆ. ಪಾಚಿ ಸಾಯಿಸಲು ಮೈಲುತುತ್ತ, ನಲವತ್ತು ಕಿಲೋ. ದಕ್ಷಿಣಕ್ಕೆ ಮಾತ್ರ. ಕೆರೆಗೆ ಅಡ್ಡ ಕಟ್ಟಿದ ಹಗ್ಗದಾಚೆಯ ಉತ್ತರ ಭಾಗ ನೀರುನಾಯಿಗಳದು, ಅಲ್ಲಿ ನಮ್ಮ ನೀರಿನ ಕಂಪನಿ ಏನನ್ನೂ ಹಾಕುವುದಿಲ್ಲ. ನಿಯಮ. ಊರಿಗೆ ಮೂರು ದಿನ ಕೆರೆಯ ಬದಲು ಹೊಳೆಯ ಲೈನಿನಿಂದ ನೀರು. ಅದೂ ನಿಯಮ. ಸಹಿ ಮಾಡಿದೆ.

ಏಪ್ರಿಲ್ 8, ಮಂಗಳವಾರ

ಮೈಲುತುತ್ತದ ಗೋಣಿಚೀಲಗಳನ್ನು ಹರಿಗೋಲಿನ ಹಿಂದೆ ಕಟ್ಟಿಕೊಂಡು ಹುಲಗಪ್ಪ ಸುತ್ತು ಹಾಕಿದ. ನೀಲಿ ಗೆರೆ ಹಿಂದೆ ಬಿಚ್ಚಿಕೊಳ್ಳುತ್ತಾ ಹೋಯಿತು. ನೋಡಲು ಚಂದ. ನಡುವೆ ಒಮ್ಮೆ ನಿಂತು ಗಳ ಇಳಿಬಿಟ್ಟ, ಎತ್ತಿ ನೋಡಿದ, ನನ್ನತ್ತ ನೋಡಿದ. ಕೈಬೀಸಿದೆ — ಮುಂದೆ ಹೋಗು. ಹೋದ.

ಈ ಕೆರೆ ಕಂಪನಿಗೆ ಬರುವ ಮೊದಲು ಇಲ್ಲಿ ಬಲೆ ಬೀಸುತ್ತಿದ್ದವನು. ಬಲೆ ನಿಷೇಧವಾದಾಗ ಅವನನ್ನೇ ನೀರುನಾಯಿ ಕಾವಲಿಗೆ ತೆಗೆದುಕೊಂಡರು. ಓದು ಬಾರದು. ಸಂಜೆ ಕಂಡಷ್ಟು ನೀರುನಾಯಿಗೆ ಅಷ್ಟು ಗೀಟು ರಿಜಿಸ್ಟರಿನಲ್ಲಿ. ಇವತ್ತು ಮೂರು. ತಾಯಿ, ಎರಡು ಮರಿ.

'ನಿಮಗಿಂತ ಛಲೋ ಸಂಸಾರ ಮಾಡ್ತಾವ್ರಿ ಸಾಹೇಬ್ರ' ಎಂದ. ನಾನು ಒಬ್ಬನೇ ಇರುವುದು ಅವನಿಗೆ ಗೊತ್ತು.

ಏಪ್ರಿಲ್ 10, ಗುರುವಾರ, ಬೆಳಿಗ್ಗೆ 6

ದಂಡೆಯ ಉದ್ದಕ್ಕೂ ಬಿಳಿ. ಹೂವು ಎಂದುಕೊಂಡೆ. ಮೀನಿನ ಹೊಟ್ಟೆಗಳು. ಗಾಳಿ ಅವನ್ನು ಹಗ್ಗದ ಅಡಿಯಿಂದ ಉತ್ತರಕ್ಕೆ ತಳ್ಳುತ್ತಿದೆ.

ಅದೇ ದಿನ, ಮಧ್ಯಾಹ್ನ

ಸುಭಾಷ್ ಬಂದರು. ಯಾರೋ ರಾತ್ರಿ ವಿಷ ಹಾಕಿ ಮೀನು ಹಿಡಿದಿದ್ದಾರೆ ಎಂದರು. ಆಮೇಲೆ, ಮೀನು ಹಿಡಿಯುವವನನ್ನೇ ಕಾವಲಿಗೆ ಇಟ್ಟಿದ್ದು ನಮ್ಮ ತಪ್ಪು ಎಂದರು. ನಲವತ್ತು ಕಿಲೋಗೆ ಇಷ್ಟು ಮೀನು ಸಾಯುವುದಿಲ್ಲ. ಅಷ್ಟು ನೀರಿದ್ದರೆ.

ಅಷ್ಟು ನೀರಿದ್ದರೆ — ಇದನ್ನು ಮನಸ್ಸಿನಲ್ಲಿ ಹೇಳಿಕೊಂಡಾಗಲೇ ಹುಲಗಪ್ಪನ ಸೋಮವಾರದ ಮಾತು ಪೂರ್ತಿ ಕೇಳಿಸಿತು. 'ಬಣ್ಣ ಹಚ್ಚಿದ್ರ ನೀರು ಏರತೈತೇನ್ರಿ?'

ಎಲ್ಲರೂ ಊಟಕ್ಕೆ ಹೋದ ಮೇಲೆ ಕೆರೆಯ ಮೆಟ್ಟಿಲಿಗೆ ಇಳಿದೆ. ಮಟ್ಟದ ಅಂಕಿಗಳನ್ನು ಮೆಟ್ಟಿಲ ಪಕ್ಕದ ಗೋಡೆಯ ಮೇಲೇ ಬರೆದಿದೆ, ಮೆಟ್ಟಿಲಿಗೆ ಅರ್ಧ ಮೀಟರ್. ವಾಕಿಂಗ್ ಟ್ರ್ಯಾಕ್ ಹಾಕಿದ ಮೇಲೆ ಹೊಸದಾಗಿ ಬರೆಸಿದ್ದರು, ಭಾಗ್ಯನಗರದ ಪೇಂಟರ್. ಕೀಲಿಯಿಂದ 3.5ನ್ನು ಕೆರೆದೆ. ಬಿಳಿ ಉದುರಿತು. ಅಡಿಯಲ್ಲಿ ಹಳೆಯ ಕಪ್ಪು. 2.

ಟ್ರ್ಯಾಕಿನ ಕಾಂಕ್ರೀಟಿನ ಕೆಳಗೆ ಮೇಲಿನ ಮೂರು ಮೆಟ್ಟಿಲು ಹೋಗಿವೆ. ಕೈಯಲ್ಲಿದ್ದ ಪಟ್ಟಿಯಂತೆ ಪೇಂಟರ್ ಮೇಲಿನಿಂದ ಬರೆಯುತ್ತಾ ಬಂದಿದ್ದಾನೆ. ಮೊದಲು ಕಂಡ ಮೆಟ್ಟಿಲಿಗೆ 6; ನಿಜಕ್ಕೆ ಅದು 4.5. ಅವನ ತಪ್ಪಲ್ಲ. ಎರಡು ತಿಂಗಳಿಂದ ದಿನಾ ಓದುತ್ತಿರುವವನು ನಾನು.

ಇದ್ದದ್ದು 1.9. ಹಾಕಬೇಕಾಗಿದ್ದದ್ದು ಇಪ್ಪತ್ತೆರಡು ಕಿಲೋ.

ಕೆರೆದ ಜಾಗದ ಮೇಲೆ ಕೆಸರು ಮೆತ್ತಿ ಬಂದೆ. ಯಾಕೆ ಮೆತ್ತಿದೆ? ಕೈ ತಾನೇ ಮಾಡಿತು.

ಏಪ್ರಿಲ್ 11, ಶುಕ್ರವಾರ

ನೀರಿನ ಪರೀಕ್ಷೆ. ಕುಡಿಯಲು ಅಪಾಯವಿಲ್ಲ. ಮನುಷ್ಯರಿಗೆ ಏನೂ ಆಗುವುದಿಲ್ಲ. ಈ ವಾಕ್ಯವನ್ನು ರಿಪೋರ್ಟಿನಲ್ಲಿ ಎರಡು ಸಲ ಹೊಡೆದು ಹಾಕಿ ಮತ್ತೆ ಬರೆದೆ.

ಸುಭಾಷ್ ಕೋಣೆಗೆ ಹುಲಗಪ್ಪನನ್ನು ಕರೆಸಿದರು. ನನ್ನನ್ನೂ. ರಾತ್ರಿ ಎಲ್ಲಿದ್ದೆ, ಯಾರನ್ನು ಬಿಟ್ಟುಕೊಂಡೆ, ಎಷ್ಟು ಮೀನು ಮಾರಿದೆ. ನಾನು ಕಿಟಕಿಯ ಪಕ್ಕ. ಈಗ ಹೇಳುತ್ತಾನೆ, ಈಗ — ಸಾಹೇಬರಿಗೆ ನಾನು ಹೇಳಿದ್ದೆ, ನೀರಿಲ್ಲ ಅಂತ. ಕುರ್ಚಿಯ ಹಿಡಿ ಗಟ್ಟಿಯಾಗಿ ಹಿಡಿದೆ.

'ನಾ ಏನೂ ಹಾಕಿಲ್ರಿ' ಎಂದ. 'ಕೊಟ್ಟಿದ್ದು ಹಾಕೇನಿ.'

ಸುಭಾಷ್ ಆ ಎರಡನೆಯ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಅಥವಾ ಬೇಡವಾಗಿತ್ತು. ಕಾಗದ ಮುಂದಿಟ್ಟರು. ಹೆಬ್ಬೆಟ್ಟು ಒತ್ತಿದ. ಬೆರಳನ್ನು ಗೋಡೆಗೆ ಒರೆಸಲಿಲ್ಲ, ತಲೆಗೆ ಒರೆಸಿಕೊಂಡ. ನಾಳೆಯಿಂದ ಬರಬೇಡ ಎಂದರು.

ರಿಜಿಸ್ಟರಿನಲ್ಲಿ ಅವನ ಕೊನೆಯ ಸಂಜೆ. ಎರಡು ಗೀಟು.

ಏಪ್ರಿಲ್ 12, ಶನಿವಾರ

ಜನ. ಹನುಮನಹಳ್ಳಿಯ ಕಡೆಯಿಂದ ಗಾಡಿಗಳು ಬರುತ್ತಲೇ ಇವೆ. ಮೀನು ತೆಗೆಸಿ ಹೂಳಿಸಿದ್ದಾರೆ. ಪಾಚಿ ಇಲ್ಲ, ನಾತವಿಲ್ಲ. ಎಷ್ಟು ತಿಳಿ ಇದೆ ನೀರು, ಎಂದಳು ಒಬ್ಬಾಕೆ, ಫೋಟೋ ತೆಗೆಸಿಕೊಳ್ಳುತ್ತಾ. ಹೌದು. ಅದರಲ್ಲಿ ಏನೂ ಇಲ್ಲ.

ಏಪ್ರಿಲ್ 16, ಬುಧವಾರ

ಮೂರು ದಿನ ಬರೆದಿಲ್ಲ. ಸಂಜೆ ಉತ್ತರದ ಬಂಡೆಗಳಲ್ಲಿ ಕೂರುತ್ತೇನೆ. ಎಣಿಸಲು ಯಾರೂ ಇಲ್ಲ. ಕೆಸರಿನಲ್ಲಿ ದೊಡ್ಡ ಹೆಜ್ಜೆ, ಪಕ್ಕದಲ್ಲಿ ಸಣ್ಣದು. ಒಂದೇ ಸಣ್ಣದೋ, ಎರಡು ಮರಿ ಒಂದೇ ದಾರಿಯಲ್ಲಿ ನಡೆದವೋ… ಹುಲಗಪ್ಪನಿಗೆ ಗೊತ್ತಾಗುತ್ತಿತ್ತು.

ಮನೆಯಲ್ಲಿ ಬಾಗಿಲು ಬಡಿದರೆ ಮೊದಲು ಕಿಟಕಿಯಿಂದ ಇಣುಕುತ್ತೇನೆ. ಹಾಲಿನವನು. ನನಗೆ ಯಾವುದರ ಭಯ? ಅವನು ಹೇಳಿಬಿಡುತ್ತಾನೆಂದು ಅಂದುಕೊಂಡಿದ್ದೆ. ಐದು ದಿನವಾಯಿತು, ಹೇಳಿಲ್ಲ. ಭಯ ಹೆಚ್ಚಿದೆ.

ಏಪ್ರಿಲ್ 20, ಭಾನುವಾರ

ಆನೆಗೊಂದಿಗೆ ಹೋದೆ. ಬಾಳೆತೋಟದ ಅಂಚಿಗೆ ಮನೆ. ಅವನ ಹೆಂಡತಿ ಹನುಮಂತಮ್ಮ ಬಾಳೆನಾರು ಹೊಸೆಯುತ್ತಿದ್ದಳು. ಎದ್ದಳು, ಕೈ ಒರೆಸಿಕೊಂಡಳು. ಅವನು ಹೊಳೆಯಾಚೆ ಕೂಲಿಗೆ ಹೋಗಿದ್ದಾನೆ, ಬರುವುದು ಯಾವಾಗ ಗೊತ್ತಿಲ್ಲ ಎಂದಳು. ಊರಲ್ಲಿ ವಿಷ ಹಾಕಿದವನು ಎಂದು ಹರಿಗೋಲಿಗೆ ಯಾರೂ ಕರೆಯುವುದಿಲ್ಲವಂತೆ. ದೂರುವ ದನಿಯಲ್ಲ, ಹವಾಮಾನ ಹೇಳುವ ದನಿ.

ಚಹಾ ಬೇಡ ಎಂದೆ. ಹೊರಡುವಾಗ ಒಳಗಿನಿಂದ ಅವನ ಹರಿಗೋಲಿನ ಗಳ ತಂದಳು.

'ಸಾಹೇಬ್ರು ಬಂದ್ರ ಕೊಡು ಅಂದಾನ್ರಿ. ನೀರು ಅಳೆಯಾಕ ಬೇಕಾಗತೈತಂತ.'

'ಮತ್ತೇನು ಹೇಳಿದ?'

'ಇಷ್ಟ ರೀ.'

ಬಸ್ಸಿನಲ್ಲಿ ತರಲಾಗಲಿಲ್ಲ. ಗಂಗಾವತಿಗೆ ಬರುವ ಟಂಟಂ ಆಟೋದ ಮೇಲೆ ಕಟ್ಟಿಸಿ ತಂದೆ. ಗಳದ ಮೇಲೆ ಚಾಕುವಿನ ಗುರುತುಗಳು. ಟೇಪು ಹಿಡಿದೆ. ಕಚ್ಚಿನಿಂದ ಕಚ್ಚಿಗೆ ಅರ್ಧ ಮೀಟರ್, ಸರಿಯಾಗಿ. ಮೆಟ್ಟಿಲನ್ನೇ ನೋಡಿ ಕಚ್ಚು ಹಾಕಿದ್ದಾನೆ. ಬುಡದಿಂದ ನಾಲ್ಕನೆಯ ಕಚ್ಚಿಗಿಂತ ನಾಲ್ಕು ಬೆರಳು ಕೆಳಗೆ ಹೊಸ ಗೀರು ಒಂದು. ಮೈಲುತುತ್ತ ಹಾಕಿದ ದಿನದ್ದು, 1.9.

ಏಪ್ರಿಲ್ 21, ಸೋಮವಾರ, 10.40

ಎಲ್ಲ ಬರೆದೆ. ಮೂರು ಮೆಟ್ಟಿಲು, ಹಳೆಯ ಅಂಕಿ, ನನ್ನ ಸಹಿ, ಅವನು ಎಚ್ಚರಿಸಿದ್ದು, ನಾನು ಕೈಬೀಸಿದ್ದು. ಹುಲಗಪ್ಪನನ್ನು ಮತ್ತೆ ಕಾವಲಿಗೆ ಕರೆಯಬೇಕು ಎಂದೂ. ಸುಭಾಷ್ ಮೇಜಿನ ಮೇಲೆ ಇಟ್ಟು ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದೇನೆ. ಗಳ ಗೋಡೆಗೆ ಒರಗಿದೆ.

ಒಳಗೆ ಕಾಗದ ಮಗುಚಿದ ಸದ್ದು. ಕುರ್ಚಿ ಸರಿಯಿತು.

ಹುಲಗಪ್ಪ, ಆ ದಿನ ನಾನು ಅದೇ ಕೋಣೆಯಲ್ಲಿದ್ದೆ, ನಿನ್ನಿಂದ ಮೂರು ಹೆಜ್ಜೆ ದೂರ. ನನ್ನ ಕಡೆ ಯಾಕೆ ಒಮ್ಮೆಯೂ ತಿರುಗಲಿಲ್ಲ?