ಎಣ್ಣೆ ಡಬ್ಬಿಯ ಎರಡನೇ ತೂತು

ಮನೆಯಿಂದ,
ಭಾನುವಾರ ಸಂಜೆ, ಹಿತ್ತಲ ಶೆಡ್ಡಿನ ಬಾಗಿಲಲ್ಲಿ ಕೂತು

ಪ್ರೀತಿಯ ಪಂಪ್‌ಹೌಸ್ ಸಾಹೇಬರಿಗೆ,

ಹೇಗಿದ್ದೀರಿ? ನಿದ್ದೆ ಬರುತ್ತಿದೆಯಾ, ಇಲ್ಲ ಅಕ್ಕನ ಮನೆಯಲ್ಲೂ ಫ್ಯಾನು ನೋಡುತ್ತಾ ಮಲಗಿರುತ್ತೀರಾ? ಬಿ.ಪಿ. ಮಾತ್ರೆ ತಿಂಡಿ ಆದ ಮೇಲೆ, ಮೊದಲಲ್ಲ. ಅತ್ತಿಗೆ ಅಡುಗೆಗೆ ಉಪ್ಪು ಕಡಿಮೆ ಹಾಕುತ್ತಾರೆ ಎಂದು ಮುಖ ಸಿಂಡರಿಸಬೇಡಿ, ಈ ವಯಸ್ಸಿನಲ್ಲಿ ನಿಮಗೆ ಬಡಿಸುವವರು ಸಿಕ್ಕಿದ್ದೇ ಹೆಚ್ಚು. ನಾನು ಚೆನ್ನಾಗಿದ್ದೇನೆ. ಇವತ್ತಂತೂ ಬಹಳ ಚೆನ್ನಾಗಿದ್ದೇನೆ. ಯಾಕೆ ಎಂದು ಹೇಳುವುದಕ್ಕೇ ಈ ಕಾಗದ. ಆದರೆ ನನ್ನ ಸ್ವಭಾವ ನಿಮಗೆ ಗೊತ್ತಲ್ಲ, ಮೊದಲು ನಾಲ್ಕು ಮಾತು ಬೈಯದೆ ಒಳ್ಳೆಯ ಸುದ್ದಿ ಹೇಳಲು ನನಗೆ ಬರುವುದಿಲ್ಲ.

ಫೋನಿದ್ದೂ ಕಾಗದ ಯಾಕೆ ಅನ್ನುತ್ತೀರೇನೋ. ಫೋನ್ ಮಾಡಿದರೆ ನೀವು "ಹ್ಞಾಂ, ಊಟ ಆಯ್ತು" ಎಂದು ಅತ್ತಿಗೆಯ ಕೈಗೆ ದಾಟಿಸಿಬಿಡುತ್ತೀರಿ. ಹಿಂದಿನಿಂದ ನಿಮ್ಮ ದನಿ ಕೇಳುತ್ತದೆ: "ಗಾಡೀನ ಗುಜರಿಯವನಿಗೆ ಕೊಟ್ಬಿಡು ಅಂತ ಹೇಳಕ್ಕಾ ಅವಳಿಗೆ. ನಾನು ಇಲ್ಲೇ ಇರ್ತೀನಿ." ಕಾಗದವನ್ನು ಹಾಗೆ ದಾಟಿಸುವಂತಿಲ್ಲ. ಹೆಂಡತಿ ಬರೆದದ್ದನ್ನು ಅಕ್ಕನ ಕೈಯಲ್ಲಿ ಓದಿಸುವಷ್ಟು ಧೈರ್ಯ ನಿಮಗಿಲ್ಲ ಎನ್ನುವ ನಂಬಿಕೆ ನನಗಿದೆ.

ಡಾಕ್ಟರು ಪರೀಕ್ಷೆಯನ್ನೆಲ್ಲ ಮುಗಿಸಿ, ಇದು ವಯಸ್ಸಿಗೆ ತಕ್ಕ ಮರೆವು, ಬೇರೇನೂ ಇಲ್ಲ ಎಂದು ಹೇಳಿ ಎಷ್ಟು ದಿನವಾಯಿತು! ನೀವು ನಂಬಿದಿರಾ? "ಡಾಕ್ಟರು ಇವತ್ತು ಯಾವ ವಾರ ಅಂತ ಕೇಳ್ತಾರೆ, ಅದನ್ನ ಯಾರು ಬೇಕಾದ್ರೂ ಹೇಳ್ತಾರೆ. ಗಾಡಿ ಸುಳ್ಳು ಹೇಳಲ್ಲ ಕಣೇ. ನನ್ನ ಕೈಯಲ್ಲಿ ಅದು ನಿಂತುಹೋಗ್ತಿದೆ ಅಂದ್ರೆ ನನ್ನ ತಲೆ ಹೋಗಿದೆ ಅಂತಾನೇ ಅರ್ಥ." ಆವತ್ತು ಫೋನಿನಲ್ಲಿ ನೀವು ನನ್ನ ಜೊತೆ ನೆಟ್ಟಗೆ ಆಡಿದ ಕೊನೆಯ ಮಾತು ಅದು. ನಿಮ್ಮಪ್ಪ ಕಡೆಗಾಲದಲ್ಲಿ ನಿಮ್ಮ ಮುಖ ನೋಡಿ "ನೀವು ಯಾರು?" ಎಂದು ಕೇಳಿದ್ದು ನಿಮ್ಮ ಎದೆಯೊಳಗೆ ಮುಳ್ಳಿನ ಹಾಗೆ ಕೂತಿದೆ, ನನಗೆ ಗೊತ್ತಿಲ್ಲವೇ? ನನ್ನನ್ನೂ ಹಾಗೆ ಕೇಳುವ ದಿನ ಬರುವ ಮುಂಚೆ ದೂರ ಇದ್ದುಬಿಡೋಣ ಎಂದು ಪರೀಕ್ಷೆಯ ನೆಪದಲ್ಲಿ ಹೋದವರು ಅಲ್ಲೇ ಬೇರು ಬಿಟ್ಟಿದ್ದೀರಿ. ನನ್ನನ್ನು ಒಂದು ಮಾತು ಕೇಳಿದಿರಾ? ಆ ಕೋಪ ಇನ್ನೂ ಇದೆ. ಅದನ್ನು ಮುಖ ನೋಡಿಯೇ ತೀರಿಸಿಕೊಳ್ಳಬೇಕು, ಕಾಗದದಲ್ಲಿ ಆಗುವುದಿಲ್ಲ.

ಈಗ ದೊರೆಗಳ ವಿಷಯ. (ಅಳಿಯಂದಿರು ಮೊನ್ನೆ ಕೇಳಿದರು, ಮೋಟಾರ್‌ಸೈಕಲ್ಲಿಗೆ ದೊರೆ ಎಂದು ಹೆಸರಿಟ್ಟವರು ಯಾರು ಅಂತ. ನಾನೇ ಎಂದೆ. ಮದುವೆಯಾದ ಹೊಸದರಲ್ಲಿ ಮನೆಯಲ್ಲಿ ಮೊದಲು ಸ್ನಾನ ಅದಕ್ಕೆ, ಆಮೇಲೆ ನಮಗೆ. ಇನ್ನೇನು ಹೆಸರಿಡಬೇಕಿತ್ತು?) ನಿಮಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ತಾಳ್ಮೆಯಿಂದ ಓದಿ. ನೀವು ಮರೆತಿದ್ದೀರಿ ಎಂದು ಅಲ್ಲ. ಎಲ್ಲವನ್ನೂ ಸರಿಯಾಗಿ ನೆನಪಿಟ್ಟುಕೊಂಡು, ಕೂಡಿಸುವಾಗ ತಪ್ಪಿದ್ದೀರಿ. ನಿಮ್ಮ ಹುಟ್ಟುಹಬ್ಬದ ವಾರ ನೀವು ಕಾರ್ಬ್ಯುರೇಟರ್ ಬಿಚ್ಚಿ, ತೊಳೆದು, ಮತ್ತೆ ಕೂಡಿಸಿದಿರಿ. ನಾನು ಎಂದಿನಂತೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ನೀವು ಕೇಳುವ ಮುಂಚೆಯೇ ಸ್ಪ್ಯಾನರು ಕೊಡುತ್ತಿದ್ದೆ. ಅದಾದ ಮೇಲೆ ದೊರೆಗಳು ಊರೊಳಗೆ ಸರಿಯಾಗಿದ್ದರು. ಹೆದ್ದಾರಿ ಹಿಡಿದು ವೇಗವಾಗಿ ಹೋದರೆ ಮಾತ್ರ, ನೀರಿನ ಟ್ಯಾಂಕಿನ ಆಸುಪಾಸಿನಲ್ಲಿ ಕೆಮ್ಮಿ, ಮುಗ್ಗರಿಸಿ, ನಿಂತುಬಿಡುತ್ತಿದ್ದರು. ನೀವು ಇಳಿದು ಏನೋ ಒಂದು ಸರಿಮಾಡುತ್ತಿದ್ದಿರಿ, ಹೊರಡುತ್ತಿತ್ತು. ಒಮ್ಮೆ ಪ್ಲಗ್ಗಿನ ವೈರು ಒತ್ತಿದಿರಿ, ಹೊರಟಿತು. ಸರಿ, ವೈರಿನದೇ ತೊಂದರೆ ಎಂದು ವೈರು ಬದಲಾಯಿಸಿದಿರಿ. ಮುಂದಿನ ವಾರ ಮತ್ತೆ ನಿಂತಿತು. ಕಾಯಿಲ್ ಮುಟ್ಟಿದಿರಿ, ಹೊರಟಿತು. ಕಾಯಿಲ್ ಬದಲಾಯಿಸಿದಿರಿ. ಮತ್ತೆ ನಿಂತಿತು. ಶೆಡ್ಡಿಗೆ ತಂದರೆ ಮಹಾ ಸಾಧು, ಎಷ್ಟು ಹೊತ್ತು ಬೇಕಾದರೂ ಗುರುಗುಡುತ್ತಾ ನಿಂತಿರುತ್ತಿತ್ತು. ಕಾರ್ಬ್ಯುರೇಟರನ್ನು ಎಷ್ಟು ಸಲ ಬಿಚ್ಚಿದಿರೋ! ಕೊನೆಯ ಸಲ ಅದರ ಸಣ್ಣ ಹಿತ್ತಾಳೆ ತಿರುಪನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಿರಿ. "ಇದನ್ನ ಎಲ್ಲಿ ಹಾಕ್ಬೇಕು ಅಂತ ಗೊತ್ತು ಕಣೇ. ಹಾಕಿದ್ದು ಸರಿ ಇದೆಯಾ ಅಂತ ಮಾತ್ರ ಗೊತ್ತಾಗ್ತಿಲ್ಲ" ಎಂದಿರಿ. ಇಡೀ ಊರಿಗೆ ನೀರು ಹತ್ತಿಸುವ ಪಂಪುಗಳ ಸದ್ದು ಕೇಳಿಯೇ ಬೇರಿಂಗು ಹೋಗಿದೆಯೆಂದು ಹೇಳುತ್ತಿದ್ದ ಮನುಷ್ಯ ನೀವು. ಅದೇ ವಾರ ಕನ್ನಡಕ ಫ್ರಿಜ್ಜಿನಲ್ಲಿ ಸಿಕ್ಕಿತು, ಮೊಮ್ಮಗಳನ್ನು ಮಗಳ ಹೆಸರಿನಲ್ಲಿ ಕರೆದಿರಿ. ನೀವೇ ಎಲ್ಲವನ್ನೂ ಸೇರಿಸಿ ತೀರ್ಪು ಕೊಟ್ಟುಕೊಂಡಿರಿ.

ಗುಜರಿಯವನಿಗೆ ನೀವೇ ಫೋನ್ ಮಾಡಿದ್ದೀರಂತೆ! ಅವನು ಕಳೆದ ವಾರ ಬಂದು, ದೊರೆಗಳ ಸುತ್ತ ಒಂದು ಸುತ್ತು ಹಾಕಿ, ಟೈರಿಗೆ ಕಾಲಲ್ಲಿ ಒದ್ದು ನೋಡಿದ. ನನಗೆ ಎಲ್ಲಿತ್ತೋ ಸಿಟ್ಟು, "ಕಾಲು ತೆಗೀರಿ ಮೊದ್ಲು" ಎಂದುಬಿಟ್ಟೆ. ಪಾಪ, ಅವನದೇನು ತಪ್ಪು? ಭಾನುವಾರ ಸಂಜೆ ಟೆಂಪೋ ತರುತ್ತೇನೆ ಎಂದು ಹೇಳಿ ಹೋದ. ನಾನು ಗಾಡಿಯ ಪಕ್ಕದ ಪೆಟ್ಟಿಗೆಗಳನ್ನು ಖಾಲಿ ಮಾಡಲು ಕೂತೆ. ನಾವು ಗುಡ್ಡದ ದಾರಿಯಲ್ಲಿ ಮಳೆಗೆ ಹೊದೆಯುತ್ತಿದ್ದ ಪ್ಲಾಸ್ಟಿಕ್ಕು, ನನ್ನದೊಂದು ಕೈಗವಸು, ನೀವು ಹುಡುಕಿ ಹುಡುಕಿ ನನ್ನನ್ನು ಬೈದಿದ್ದ ಆ ಟಾರ್ಚು, ಎಲ್ಲವೂ ಅಲ್ಲೇ ಇದ್ದವು. ಪೂರ್ತಿ ಖಾಲಿ ಮಾಡಲು ಆಗಲಿಲ್ಲ. ಮುಚ್ಚಿ ಒಳಗೆ ಬಂದೆ.

ಇನ್ನು ನಡೆದದ್ದು ಕೇಳಿ. ಗುರುವಾರ ಅಡುಗೆಮನೆಯಲ್ಲಿ ಹೊಸ ಎಣ್ಣೆ ಡಬ್ಬಿ ತೆಗೆಯಬೇಕಾಯಿತು. ಅದು ನಿಮ್ಮ ಕೆಲಸ, ನೀವಿಲ್ಲ. ಸ್ಕ್ರೂಡ್ರೈವರ್ ಇಟ್ಟು, ಸುತ್ತಿಗೆಯಲ್ಲಿ ಒಂದು ಏಟು ಹಾಕಿ ತೂತು ಮಾಡಿ ಬಗ್ಗಿಸಿದೆ. ಮೊದಲು ಗುಳುಗುಳು ಎಂದು ಬಿತ್ತು, ಆಮೇಲೆ ದಾರದಷ್ಟಾಯಿತು, ಆಮೇಲೆ ನಿಂತೇಹೋಯಿತು. ಡಬ್ಬಿ ತುಂಬ ಎಣ್ಣೆ, ಒಂದು ತೊಟ್ಟು ಬರುವುದಿಲ್ಲ! ಅಲ್ಲಾಡಿಸಿದೆ, ತಟ್ಟಿದೆ, ಬೈದೆ. ಆಗ ನಿಮ್ಮ ಮಾತು ಕಿವಿಯಲ್ಲಿ ಹೇಳಿದಷ್ಟು ಸ್ಪಷ್ಟವಾಗಿ ನೆನಪಾಯಿತು: "ಗಾಳಿ ಒಳಗೆ ಹೋಗದೆ ಎಣ್ಣೆ ಹೊರಗೆ ಬರಲ್ಲ ಕಣೇ, ಆ ಕಡೆ ಇನ್ನೊಂದು ತೂತು ಹೊಡಿ." ಹೊಡೆದೆ. ಧಾರಾಳವಾಗಿ ಸುರಿಯಿತು. ಡಬ್ಬಿ ಕೆಳಗಿಡುವಷ್ಟರಲ್ಲಿ ದೊರೆಗಳ ಪೆಟ್ರೋಲ್ ಟ್ಯಾಂಕು ನೆನಪಾಯಿತು. ಒಲೆ ಆರಿಸಿ, ಎಣ್ಣೆ ಕೈಯಲ್ಲೇ ಶೆಡ್ಡಿಗೆ ಓಡಿದೆ.

ನಿಮ್ಮ ಹುಟ್ಟುಹಬ್ಬಕ್ಕೆ ಅಳಿಯಂದಿರು ಪೆಟ್ರೋಲ್ ಟ್ಯಾಂಕಿಗೆ ಹೊಸ ಮುಚ್ಚಳ ತಂದುಕೊಟ್ಟಿದ್ದರಲ್ಲ, ಕನ್ನಡಿಯ ಹಾಗೆ ಮಿರಿಮಿರಿ ಮಿಂಚುವುದು? ಅದನ್ನು ಬಿಚ್ಚಿ ತಿರುಗಿಸಿ ನೋಡಿದೆ. ಒಳಗೆ ನುಣ್ಣಗಿದೆ. ಹಳೆಯ ಮುಚ್ಚಳ ಎಲ್ಲಿ? ನೀವು ಅದನ್ನು ಬಿಚ್ಚಿದ ದಿನ ಹೇಳಿದ್ದಿರಿ, "ಬಿಸ್ಕತ್ತಿನ ಡಬ್ಬಿಯಲ್ಲಿ, ಬಲ್ಬುಗಳ ಕೆಳಗೆ ಇಟ್ಟಿದ್ದೀನಿ, ಹಳೇ ಬನಿಯನ್ನಲ್ಲಿ ಸುತ್ತಿ." ಬಿಸ್ಕತ್ತಿನ ಡಬ್ಬಿ ತೆಗೆದೆ. ಬಲ್ಬುಗಳ ಕೆಳಗೆ, ಹಳೆ ಬನಿಯನ್ನಿನಲ್ಲಿ ಸುತ್ತಿ, ಅಲ್ಲೇ ಇತ್ತು ಮಹಾರಾಯರೇ! ತಲೆ ಹೋದವರು ಇಡುವ ರೀತಿಯೇ ಅದು? ಹಳೆಯದನ್ನು ಬಾಯಿಗಿಟ್ಟು ಊದಿದೆ, ಗಾಳಿ ಆಚೆ ಹೋಯಿತು. ಅದರಲ್ಲೊಂದು ಸೂಜಿಮೊನೆಯಷ್ಟು ತೂತಿದೆ. ಹೊಸದನ್ನು ಊದಿದೆ. ಕೆನ್ನೆ ಉಬ್ಬಿತು, ಕಣ್ಣಲ್ಲಿ ನೀರು ಬಂತು, ಗಾಳಿ ಮಾತ್ರ ಹೋಗಲಿಲ್ಲ. ಪೆಟ್ರೋಲಿನ ವಾಸನೆಗೆ ರಾತ್ರಿಯವರೆಗೂ ತಲೆ ಸುತ್ತಿತು, ಅದು ಬೇರೆ ಮಾತು.

ಆಮೇಲೆ ಬಕೆಟ್ಟಿನ ಮೇಲೆ ಕೂತು ಯೋಚಿಸಿದೆ. ಗಾಡಿ ನಿಂತಾಗಲೆಲ್ಲ ನೀವು ಮೊಟ್ಟಮೊದಲು ಮಾಡುತ್ತಿದ್ದದ್ದು ಏನು? ಮದುವೆಯಾದಾಗಿನಿಂದ ನಾನು ಕೇಳುತ್ತಾ ಬಂದ ನಿಮ್ಮ ನಿಯಮ: "ಮೊದ್ಲು ಪೆಟ್ರೋಲ್ ನೋಡು, ಆಮೇಲೆ ಮಿಕ್ಕಿದ್ದು." ನೀವು ಮುಚ್ಚಳ ತೆಗೆದು ಒಳಗೆ ಇಣುಕುತ್ತಿದ್ದಿರಿ. ತೆಗೆದ ಕೂಡಲೇ ಗಾಳಿ ಒಳಗೆ ಹೋಗುತ್ತಿತ್ತು, ಪೆಟ್ರೋಲು ಕೆಳಗೆ ಇಳಿಯುತ್ತಿತ್ತು, ಗಾಡಿಯ ಕಾಯಿಲೆ ಅಲ್ಲಿಗೇ ವಾಸಿ! ಅದು ತಿಳಿಯದೆ ಆಮೇಲೆ ನೀವು ಮುಟ್ಟಿದ ವೈರಿಗೆ, ಕಾಯಿಲ್ಲಿಗೆ, ಪ್ಲಗ್ಗಿಗೆ ಹೆಸರು ಬರುತ್ತಿತ್ತು. ಊರೊಳಗೆ ನಿಧಾನಕ್ಕೆ ಹೋಗುವಾಗ ಅದು ಕುಡಿಯುವ ಪೆಟ್ರೋಲೂ ಕಡಿಮೆ, ಅದಕ್ಕೇ ಅಲ್ಲಿ ನಿಲ್ಲುತ್ತಿರಲಿಲ್ಲ. ಶೆಡ್ಡಿನಲ್ಲೂ ಮುಚ್ಚಳ ತೆಗೆದು ನೋಡದೆ ನೀವು ಎಂಜಿನ್ನು ಶುರು ಮಾಡಿದ್ದೇ ಇಲ್ಲ. ನಿಯಮ ಮರೆತಿದ್ದರೆ ಒಂದೇ ದಿನದಲ್ಲಿ ಕಂಡುಹಿಡಿಯುತ್ತಿದ್ದಿರಿ. ಒಂದು ಸಲವೂ ಮರೆಯದೆ ಮಾಡಿದ್ದಕ್ಕೇ ಈ ಫಜೀತಿ.

ಆದರೂ ನನ್ನ ಮಾತನ್ನು ನೀವು ಸುಮ್ಮನೆ ನಂಬುವವರಲ್ಲ. ಇವತ್ತು ಬೆಳಿಗ್ಗೆ ಅಳಿಯಂದಿರನ್ನು ಕರೆಸಿ, ಬೇಕೆಂದೇ ಆ ಮಿಂಚುವ ಮುಚ್ಚಳವನ್ನೇ ಹಾಕಿ, ಹಿಂದೆ ಕೂತು ಹೆದ್ದಾರಿಗೆ ಹೊರಟೆ. "ಅತ್ತೇ, ಗಟ್ಟಿಯಾಗಿ ಹಿಡ್ಕೊಳ್ಳಿ" ಎಂದರು. ಅವರು ಹುಟ್ಟುವ ಮೊದಲಿನಿಂದ ಆ ಸೀಟಿನಲ್ಲಿ ಕೂತವಳಿಗೆ! ನೀರಿನ ಟ್ಯಾಂಕು ದಾಟುವಷ್ಟರಲ್ಲಿ ಕೆಮ್ಮಿತು, ಮುಗ್ಗರಿಸಿತು, ನಿಂತಿತು. ಜೀವನದಲ್ಲಿ ಮೊದಲ ಸಲ ಗಾಡಿ ಕೆಟ್ಟಿದ್ದಕ್ಕೆ ನನಗೆ ಸಂತೋಷವಾಯಿತು. ಅಳಿಯಂದಿರು ಪ್ಲಗ್ಗಿನ ಕಡೆ ಕೈ ಹಾಕಿದರು. "ಕೈ ತೆಗೀರಿ, ಏನೂ ಮುಟ್ಬೇಡಿ" ಎಂದೆ. ಮುಚ್ಚಳ ತಿರುಗಿಸಿದೆ. ಸುಸ್ಸ್ ಎಂದು ಒಳಗೆ ಗಾಳಿ ಹೋದ ಸದ್ದು ಇಬ್ಬರಿಗೂ ಕೇಳಿಸಿತು. ಬೇರೆ ಯಾವುದನ್ನೂ ಮುಟ್ಟಲಿಲ್ಲ. ಒಂದು ಕ್ಷಣ ಬಿಟ್ಟು ಶುರು ಮಾಡಿಸಿದೆ. ದೊರೆಗಳು ಎದ್ದರು! ಅಲ್ಲೇ ಹಳೆಯ ಮುಚ್ಚಳ ಹಾಕಿ ಎಷ್ಟು ದೂರ ಹೋದೆವೆಂದರೆ ಅಳಿಯಂದಿರೇ "ಅತ್ತೇ, ಸಾಕಾ?" ಎಂದರು. ಸಾಕಾಗಿರಲಿಲ್ಲ. ಒಂದು ಸಲವೂ ಕೆಮ್ಮಲಿಲ್ಲ. ನಾನು ಹಿಂದೆ ಕೂತು ಅತ್ತುಬಿಟ್ಟೆ. ಹೆಲ್ಮೆಟ್ಟಿನೊಳಗೆ ಅಳುವುದು ಎಂಥ ಅವಸ್ಥೆ ಗೊತ್ತಾ, ಕಣ್ಣು ಒರೆಸಿಕೊಳ್ಳಲೂ ಆಗುವುದಿಲ್ಲ. ನಿಮ್ಮ ಕೈ ಸರಿಯಾಗಿತ್ತು, ನೀವು ಕೂಡಿಸಿದ್ದು ಸರಿಯಾಗಿತ್ತು, ತಲೆ ಕೆಟ್ಟಿದ್ದು ಆ ಮುಚ್ಚಳದ್ದು. ಗಾಡಿ ಸುಳ್ಳು ಹೇಳಲ್ಲ ಎಂದಿರಲ್ಲ, ಈಗ ಅದರ ಮಾತು ಕೇಳಿ.

ಅಳಿಯಂದಿರು ಮಾತ್ರ ಮುಖ ಸಣ್ಣದು ಮಾಡಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಾರೆ. "ಮಾವನಿಗೆ ಹೇಳ್ಬೇಡಿ ಅತ್ತೇ, ಬೇರೆ ಯಾವ್ದೋ ಗಾಡಿದು ತಂದ್ಬಿಟ್ಟಿದ್ದೀನಿ" ಎಂದು ಗೋಗರೆದರು. ಹೇಳದೆ ಇರುವುದು ಹೇಗೆ? ಪ್ರೀತಿಯಿಂದ ತಂದದ್ದು, ಬೈಯಬೇಡಿ. ನೀವೂ ಪ್ರೀತಿಯಿಂದಲೇ ಅದರ ಮೇಲೆ ಅನುಮಾನ ಪಡಲಿಲ್ಲ. ಅದೀಗ ಅಡುಗೆಮನೆಯಲ್ಲಿ ಉಪ್ಪಿನ ಜಾಡಿಯ ಮೇಲೆ ಕೂತಿದೆ, ಗಾಳಿಯಾಡದ ಒಳ್ಳೆಯ ಮುಚ್ಚಳ. ಗುಜರಿಯವನು ಟೆಂಪೋ ತಂದಿದ್ದ. ಹಳೆಯ ಪೇಪರುಗಳನ್ನೂ ನಿಮ್ಮ ಮುರುಕು ಕುರ್ಚಿಯನ್ನೂ ಕೊಟ್ಟು ಕಳಿಸಿದೆ.

ಇನ್ನೊಂದು ಮಾತು, ಆಮೇಲೆ ಮುಗಿಸುತ್ತೇನೆ. ಕನ್ನಡಕ ಫ್ರಿಜ್ಜಿನಲ್ಲಿ ಇಟ್ಟದ್ದು ಸುಳ್ಳೆಂದು ನಾನು ಹೇಳುವುದಿಲ್ಲ. ನಾನೂ ಮೊನ್ನೆ ಬೀಗದ ಕೈ ಹಿಡಿದುಕೊಂಡೇ ಮನೆಯೆಲ್ಲ ಬೀಗದ ಕೈ ಹುಡುಕಿದೆ. ಮುಂದೆ ನಿಜವಾಗಿಯೂ ಮರೆವು ಬಂದರೆ ಬರಲಿ. ಇಷ್ಟು ವರ್ಷ ಬಕೆಟ್ಟಿನ ಮೇಲೆ ಸುಮ್ಮನೆ ಕೂತಿದ್ದೆನಾ? ಯಾವುದರ ಆಮೇಲೆ ಯಾವ ಸ್ಪ್ಯಾನರು ಎಂದು ನನಗೆ ಗೊತ್ತು. ನೀವು ಕೈ ಚಾಚಿದರೆ ಸಾಕು, ನಾನು ಕೊಡುತ್ತೇನೆ. ಒಂದು ದಿನ ನೀವು "ನೀವು ಯಾರು?" ಎಂದು ಕೇಳಿದರೆ, ನಿಮ್ಮ ಹೆಲ್ಪರು ಎನ್ನುತ್ತೇನೆ. ಆದರೆ ಆ ದಿನ ಇನ್ನೂ ಬಂದಿಲ್ಲ, ಬಾರದೆಯೂ ಇರಬಹುದು. ಅದನ್ನು ನೆನೆದು ಈಗಿನಿಂದಲೇ ನನ್ನನ್ನು ಒಂಟಿ ಮಾಡಿ ಹೋಗುವ ಹಕ್ಕು ನಿಮಗಿಲ್ಲ.

ಅತ್ತಿಗೆಗೆ ನನ್ನ ನಮಸ್ಕಾರ. ಇಷ್ಟು ದಿನ ನಿಮ್ಮನ್ನು ಸಹಿಸಿಕೊಂಡಿದ್ದಕ್ಕೆ ಅವರಿಗೆ ಏನು ಕೊಟ್ಟರೂ ಕಡಿಮೆಯೇ. ಅವರ ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ, ಮುತ್ತು. ಕತ್ತಲಾಗುತ್ತಿದೆ, ಅಕ್ಷರ ಕಾಣುತ್ತಿಲ್ಲ.

ಇಂತಿ,
ಬಕೆಟ್ಟಿನ ಮೇಲಿನ ನಿಮ್ಮವಳು

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಅವಸರದಲ್ಲಿ. ಬರುವ ಭಾನುವಾರ ಅಳಿಯಂದಿರು ಓಡಿಸುತ್ತಾರೆ, ನಾನು ಹಿಂದೆ ಕೂತು ಅಲ್ಲಿಗೆ ಬರುತ್ತಿದ್ದೇನೆ. ಬೇಡ ಎಂದು ಫೋನ್ ಮಾಡಬೇಡಿ, ಎತ್ತುವುದಿಲ್ಲ. ಡಾಕ್ಟರನ್ನು ಕೇಳಿ ಆಗಿದೆ, ನೀವು ಗಾಡಿ ಓಡಿಸಲು ಏನೂ ಅಡ್ಡಿಯಿಲ್ಲವಂತೆ. ಅಳಿಯಂದಿರು ಬಸ್ಸಿನಲ್ಲಿ ವಾಪಸ್ಸು, ಈಗಲೇ ಟಿಕೆಟ್ ತೆಗೆಸಿದ್ದೇನೆ. ಹಾಗಾಗಿ ನನ್ನನ್ನು ಮನೆಗೆ ಕರೆತರಲು ನಿಮ್ಮನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ನಿಮ್ಮ ಹೆಲ್ಮೆಟ್ಟು ನಾನು ತರುತ್ತೇನೆ. ಕನ್ನಡಕ ಎಲ್ಲಿಟ್ಟಿದ್ದೀರೋ, ಹುಡುಕಿಟ್ಟುಕೊಳ್ಳಿ.